ಗಾಳಿಯಿಲ್ಲದ ಊರಿನ ಹಳದಿ ವಿಮಾನ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲ ವಾರ ಬಟ್ಟೆ ಒಣಗುವುದಿಲ್ಲ ಎಂದು ಗೊಣಗುತ್ತಾರೆ. ಎರಡನೆಯ ವಾರದ ಹೊತ್ತಿಗೆ ಅವರೂ ನಮ್ಮ ಹಾಗೆ ಬಟ್ಟೆಯ ಹಗ್ಗದ ಒಂದು ತುದಿಯನ್ನು ಅಡುಗೆಮನೆಯ ಬಾಗಿಲಿಗೆ ಕಟ್ಟಿರುತ್ತಾರೆ. ಮನೆಯವರು ಒಳಗೂ ಹೊರಗೂ ಓಡಾಡಿದಂತೆಲ್ಲ ಬಾಗಿಲು ಆಡುತ್ತದೆ, ಹಗ್ಗ ಅಲುಗುತ್ತದೆ, ಸಂಜೆಯೊಳಗೆ ಬಟ್ಟೆ ಒಣಗುತ್ತದೆ. ನಮ್ಮೂರಲ್ಲಿ ಗಾಳಿ ಬೀಸುವುದಿಲ್ಲ. ಉಸಿರಾಡುವುದಕ್ಕೆ ಏನೂ ಕೊರತೆಯಿಲ್ಲ, ಆದರೆ ಇರುವ ಗಾಳಿ ಇದ್ದಲ್ಲೇ ಇರುತ್ತದೆ. ಮಳೆ ನೆಟ್ಟಗೆ ಬೀಳುತ್ತದೆ. ಕೊಡೆಯನ್ನು ಓರೆಯಾಗಿ ಹಿಡಿದವರನ್ನು ಕಂಡರೆ ಹೊರಗಿನವರು ಎಂದು ತಿಳಿದುಬಿಡುತ್ತದೆ. ಮರದ ಎಲೆ ಮರದ ಬುಡದಲ್ಲೇ ಉದುರುವುದರಿಂದ ಅಂಗಳದ ಕಸಕ್ಕಾಗಿ ನೆರೆಹೊರೆಯವರು ಜಗಳವಾಡುವುದಿಲ್ಲ. ಒಂದು ಮನೆಯಲ್ಲಿ ಮೀನು ಹುರಿದರೆ ಆ ವಾಸನೆ ಮರುದಿನ ಹಾಲಿನವನು ಬರುವವರೆಗೂ ಅದೇ ಹೊಸ್ತಿಲಲ್ಲಿ ಕೂತಿರುತ್ತದೆ. ಏಕೋ ಏನೋ, ಮಕ್ಕಳಿಗೆ ಮಾತ್ರ ನಾವು ಗಾಳಿಯ ಹೆಸರನ್ನೇ ಇಡುತ್ತೇವೆ. ಯಾವ ಬೀದಿಗೆ ಹೋದರೂ ಅನಿಲ, ಸಮೀರ, ಮಾರುತ ಸಿಗುತ್ತಾರೆ. ಹೆಣ್ಣುಮಗಳಾದರೂ ನಾನು ಪವನ.

ನಾನಿರುವುದು ವಿದ್ಯುತ್ ಕಚೇರಿಯಲ್ಲಿ, ದೂರು ಕೇಳಿಸಿಕೊಳ್ಳುವ ಕುರ್ಚಿಯಲ್ಲಿ. ಫ್ಯಾನು ನಿಂತರೆ ನಮ್ಮೂರವರಿಗೆ ಜೀವ ಹೋದ ಹಾಗಾಗುವುದರಿಂದ ಆ ಕುರ್ಚಿಗೆ ಬೈಗುಳ ಜಾಸ್ತಿ. ಅಮ್ಮ ಮದುವೆಮನೆಗಳಲ್ಲಿ ಬೀಸಣಿಗೆ ಬೀಸುವ ಹೆಂಗಸರ ಗುಂಪು ಕಟ್ಟಿಕೊಂಡಿದ್ದಾಳೆ. "ನಿನ್ನ ಆಫೀಸು ನೆಟ್ಟಗಿದ್ದಿದ್ರೆ ನನ್ನ ಕಸುಬು ಯಾವತ್ತೋ ಮುಳುಗಿ ಹೋಗ್ತಿತ್ತು ಕಣೇ" ಎಂದು ನಗುತ್ತಾಳೆ. ಮನೆಯಲ್ಲಿ ನಾವಿಬ್ಬರೇ.

ಸಂಜೆ ಮನೆಗೆ ಬಂದ ಮೇಲೆ ನನ್ನ ಕೆಲಸ ವಿಮಾನ ಸರಿಮಾಡುವುದು. ನಿಜವಾದ ವಿಮಾನವಲ್ಲ, ಮನೆಯ ಕಂಪ್ಯೂಟರಿನಲ್ಲಿ ಹಾರಿಸುವ ವಿಮಾನ. ಅಂಥ ಆಟದಲ್ಲಿ ಒಂದು ವಿಮಾನ ಎಂದರೆ ಎರಡು ಭಾಗ. ಒಂದು, ಕಣ್ಣಿಗೆ ಕಾಣುವ ಚಿತ್ರ: ರೆಕ್ಕೆ, ಬಾಲ, ಬಣ್ಣ. ಇನ್ನೊಂದು, ಅದು ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವ ಅಂಕಿಗಳು: ತೂಕ ಎಷ್ಟು, ಎಷ್ಟು ವೇಗಕ್ಕೆ ರೆಕ್ಕೆ ಎಷ್ಟು ಎತ್ತುತ್ತದೆ, ಪೆಡಲು ಒತ್ತಿದರೆ ಮೂತಿ ಎಷ್ಟು ತಿರುಗುತ್ತದೆ. ಚಿತ್ರ ಚೆನ್ನಾಗಿದ್ದು ಅಂಕಿ ತಪ್ಪಿದ್ದರೆ ವಿಮಾನ ಆಟೋರಿಕ್ಷಾದ ಹಾಗೆ ಹಾರುತ್ತದೆ. ನಾನು ಆ ಅಂಕಿಗಳನ್ನು ತಿದ್ದುತ್ತಿದ್ದೆ. ಪುಸ್ತಕ ಓದಿ, ಹಾರಿಸಿ ನೋಡಿ, ಮತ್ತೆ ತಿದ್ದಿ, ಸರಿಹೋಯಿತು ಎನಿಸಿದಾಗ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುವ ಹಾಗೆ ಇಡುತ್ತಿದ್ದೆ. ಎಲ್ಲೆಲ್ಲಿಯವರೋ ಹಾರಿಸಿ ಹೊಗಳುತ್ತಿದ್ದರು. ಒಬ್ಬರು ಮಾತ್ರ ಒಮ್ಮೆ, "ನಿಮ್ಮ ವಿಮಾನಗಳು ಚೆಂದ, ಆದರೆ ಕಿಟಕಿ ಮುಚ್ಚಿದ ಕೋಣೆಯೊಳಗೆ ಹಾರುತ್ತಿರುವ ಹಾಗಿರುತ್ತವೆ" ಎಂದಿದ್ದರು. ಅದೇನು ಹಾಗೆಂದರೆ ಎಂದು ನನಗೆ ಅರ್ಥವಾಗಿರಲಿಲ್ಲ.

ಉತ್ತಯ್ಯ ಮತ್ತು ದೇಚಮ್ಮ ದಂಪತಿ ನಮ್ಮ ಎದುರುಮನೆಗೆ ಬಾಡಿಗೆಗೆ ಬಂದದ್ದು ಮಾವಿನ ಕಾಯಿ ಉಪ್ಪಿಗೆ ಹಾಕುವ ಸಮಯದಲ್ಲಿ. ಉತ್ತಯ್ಯನವರು ಎತ್ತರದ ಆಳು, ಬಾಗದ ಬೆನ್ನು, ಒತ್ತಾದ ಬಿಳಿ ಮೀಸೆ. ಎಲ್ಲಿ ಕೂರಿಸಿದರೆ ಅಲ್ಲಿ ಕೂರುತ್ತಿದ್ದರು. ದೇಚಮ್ಮನವರು ಗುಂಡಗೆ, ಚುರುಕು, ನಡೆಯುವಾಗ ಅವರ ಚಪ್ಪಲಿಯ ಸದ್ದೇ ಮೊದಲು ಬರುತ್ತಿತ್ತು. ಬಂದ ಮಾರನೇ ದಿನವೇ ಹಗ್ಗ ಬಾಗಿಲಿಗೆ ಕಟ್ಟುವುದನ್ನು ಅಮ್ಮನಿಂದ ಕಲಿತುಕೊಂಡರು. ಅಮ್ಮನೇ ಸುದ್ದಿ ತಂದಳು: "ಆ ಯಜಮಾನರು ವಿಮಾನ ಕಲಿಸೋ ಮೇಷ್ಟ್ರಂತೆ. ನೂರಾರು ಜನರಿಗೆ ಹಾರೋದು ಕಲಿಸಿದ್ದಾರಂತೆ. ಈಗ ಮರೆವಿನ ಕಾಯಿಲೆ. ಹೆಂಡತಿಯ ಗುರುತೂ ಇಲ್ವಂತೆ, ಪಾಪ."

ನಮ್ಮೂರಿಗೇ ಏಕೆ ಬಂದಿರಿ ಎಂದು ಒಂದು ಸಂಜೆ ನಾನೇ ಕೇಳಿದೆ. ದೇಚಮ್ಮನವರು ಹುರುಳಿಕಾಯಿ ಮುರಿಯುತ್ತ ಹೇಳಿದರು. ಅವರ ಹಿಂದಿನ ಊರಿನಲ್ಲಿ ಕಿಟಕಿಯ ಪರದೆ ಅಲುಗಿದರೆ ಸಾಕು, ಉತ್ತಯ್ಯ ಎದ್ದುಬಿಡುತ್ತಿದ್ದರಂತೆ. ಗಾಳಿ ಯಾವ ಕಡೆಯಿಂದ ಇದೆ ಎಂದು ಬೆರಳು ಒದ್ದೆ ಮಾಡಿ ಎತ್ತಿ ನೋಡಿ, ರನ್‌ವೇ ಹುಡುಕಿಕೊಂಡು ಹೊರಟುಬಿಡುತ್ತಿದ್ದರಂತೆ. ಒಮ್ಮೆ ಹೆದ್ದಾರಿಯ ನಡುವೆ ಸಿಕ್ಕರು, ಒಮ್ಮೆ ಕೆರೆಯ ಏರಿಯ ಮೇಲೆ. "ಗಾಳಿನೇ ಇಲ್ಲದ ಊರು ಒಂದಿದೆ ಅಂತ ಯಾರೋ ಹೇಳಿದ್ರು. ದೇವರೇ ತೋರಿಸಿದ ಹಾಗಾಯ್ತು, ಕರ್ಕೊಂಡು ಬಂದೆ" ಎಂದರು. ಆಮೇಲೆ ಕೈಯಲ್ಲಿದ್ದ ಕಾಯಿಯನ್ನು ಮುರಿಯದೆ ಹಾಗೇ ಹಿಡಿದುಕೊಂಡರು. "ಈಗ ಎದ್ದು ಹೋಗಲ್ಲ, ನಿಜ. ಆದ್ರೆ ಎದ್ದೂ ನಿಲ್ಲಲ್ಲ. ಮಾತು ನಿಂತಿದೆ. ನಿನ್ನೆಯಿಂದ ಅನ್ನ ಬಾಯಿಗಿಟ್ಟರೆ ಅಗಿಯೋದೂ ಇಲ್ಲ, ಗಂಜಿ ಕುಡಿಸ್ತಿದ್ದೀನಿ. ನಾನು ಅವರನ್ನು ಉಳಿಸೋಕೆ ಕರ್ಕೊಂಡು ಬಂದೆನೋ, ದೀಪದ ಹಾಗೆ ಆರಿಸೋಕೆ ಕರ್ಕೊಂಡು ಬಂದೆನೋ ಗೊತ್ತಾಗ್ತಿಲ್ಲ ಪವನ."

ಆ ಮಾತು ಕೇಳಿದ ಮೇಲೆ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ. ನನ್ನ ಕಂಪ್ಯೂಟರು, ವಿಮಾನವನ್ನು ವಾಲಿಸುವ ಸ್ಟಿಕ್ಕು, ಎಂಜಿನ್ನಿನ ಹಿಡಿಕೆ, ಕಾಲಿನ ಪೆಡಲುಗಳು ಎಲ್ಲವನ್ನೂ ಎದುರುಮನೆಯ ನಡುಮನೆಗೆ ಸಾಗಿಸಿದೆ. ಉತ್ತಯ್ಯನವರ ಫ್ಲೈಯಿಂಗ್ ಕ್ಲಬ್ಬಿನಲ್ಲಿದ್ದದ್ದು ಎರಡು ಸೀಟಿನ ಹಳದಿ ವಿಮಾನ. ಗುರು ಬಲಕ್ಕೆ, ಶಿಷ್ಯ ಎಡಕ್ಕೆ ಅಕ್ಕಪಕ್ಕ ಕೂರುವಂಥದ್ದು, ಬಾಲದ ಕೆಳಗೆ ಸಣ್ಣದೊಂದು ಚಕ್ರ. ಇಳಿಯುವಾಗ ಕೋಳಿಯ ಹಾಗೆ ಕುಪ್ಪಳಿಸುತ್ತಿದ್ದದ್ದರಿಂದ ಅದಕ್ಕೆ ಹುಡುಗರು 'ಹೇಂಟೆ' ಎಂದು ಹೆಸರಿಟ್ಟಿದ್ದರಂತೆ. ದೇಚಮ್ಮನವರ ಹತ್ತಿರ ಫೋಟೋಗಳಿದ್ದವು. ಅದೇ ಜಾತಿಯ ವಿಮಾನದ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಪುಸ್ತಕದಲ್ಲಿದ್ದ ಅಂಕಿಗಳನ್ನು ಹಾಕಿ, ನನಗೆ ತಿಳಿದ ಮಟ್ಟಿಗೆ ತಿದ್ದಿ, ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿದೆವು.

ಪರದೆಯ ಮೇಲೆ ಹುಲ್ಲಿನ ರನ್‌ವೇ ಕಂಡದ್ದೇ ತಡ, ಅವರ ಬೆನ್ನು ಕುರ್ಚಿ ಬಿಟ್ಟು ಮುಂದೆ ಬಂತು. ಬಲಗೈ ಹೋಗಿ ಸ್ಟಿಕ್ಕನ್ನು ಹಿಡಿಯಿತು. ಎಡಗೈ ತಾನೇ ಹುಡುಕಿ ಎಂಜಿನ್ನಿನ ಹಿಡಿಕೆಯನ್ನು ಮುಂದಕ್ಕೆ ತಳ್ಳಿತು. ದೇಚಮ್ಮನವರು ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. ವಿಮಾನ ಓಡತೊಡಗಿತು, ಓಡಿದ್ದೇ ಬಲಕ್ಕೆ ಸೊಟ್ಟಗೆ ಎಳೆದುಕೊಂಡು ಹೋಗಿ ಬೇಲಿಗೆ ಗುದ್ದಿತು. ಮತ್ತೊಮ್ಮೆ ಹಾಗೇ ಆಯಿತು. ಮೇಷ್ಟ್ರು ಕೈ ಬಿಟ್ಟು, ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡತೊಡಗಿದರು.

"ಮರೆತುಹೋಗಿದೆ ಕಣಮ್ಮ" ಎಂದರು ದೇಚಮ್ಮನವರು.

ನನಗೂ ಹಾಗೇ ಅನಿಸಿತು. ಅವರಿಗೆ ಸುಲಭವಾಗಲಿ ಎಂದು ಅಂಕಿಗಳನ್ನು ಸಡಿಲಿಸಿದೆ. ಕಾಲು ಎಲ್ಲಿ ಒತ್ತಿದರೂ ವಿಮಾನ ನೆಟ್ಟಗೆ ಓಡಬೇಕು, ಕೈ ಹೇಗೆ ಆಡಿದರೂ ಮೆತ್ತಗೆ ಏಳಬೇಕು, ಮಕ್ಕಳ ಜೋಲಿಯ ಹಾಗೆ. ಮುಂದಿನ ಸಂಜೆ ಕೂರಿಸಿದೆವು. ವಿಮಾನ ಚೆಂದವಾಗಿ ಎದ್ದಿತು, ಬೇಲಿ ದಾಟಿತು, ಮೋಡದ ಕೆಳಗೆ ತೇಲಿತು. ಅಮ್ಮ ಚಪ್ಪಾಳೆ ತಟ್ಟಿದಳು. ಮೇಷ್ಟ್ರು ಸ್ಟಿಕ್ಕನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸಿ ನೋಡಿದರು. ಆಮೇಲೆ ಬಿಸಿ ಪಾತ್ರೆಯಿಂದ ತೆಗೆದ ಹಾಗೆ ಕೈ ತೆಗೆದರು. ನನ್ನ ಕಡೆ ತಿರುಗಿ, ಈ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಬಾಯಿ ಬಿಟ್ಟು ಹೇಳಿದರು: "ಇದು ನಂದಲ್ಲ."

ದೇಚಮ್ಮನವರಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ನನಗೆ ಮಾತ್ರ ನಾಚಿಕೆಯಾಯಿತು. ಸುಳ್ಳು ವಿಮಾನ ಕೊಟ್ಟು ಸಮಾಧಾನ ಮಾಡಲು ಹೋಗಿದ್ದೆ, ಅವರು ಅದನ್ನು ಬೇಡ ಎಂದು ಹಿಂದಿರುಗಿಸಿದ್ದರು.

ಮಾರನೇ ದಿನ ಪುಸ್ತಕದ ಅಂಕಿಗಳನ್ನೇ ಮತ್ತೆ ಹಾಕಿ ಅವರನ್ನು ಕೂರಿಸಿದೆ, ಪರದೆಯನ್ನು ಮಾತ್ರ ನೋಡಲೇ ಇಲ್ಲ. ನೆಲದ ಮೇಲೆ ಕೂತು ಅವರ ಕಾಲುಗಳನ್ನು ನೋಡಿದೆ. ಎಡಗೈ ಎಂಜಿನ್ನಿಗೆ ಜೀವ ಕೊಡುವ ಒಂದು ಕ್ಷಣ ಮೊದಲು ಬಲಗಾಲು ಪೆಡಲನ್ನು ಒತ್ತುತ್ತಿತ್ತು. ಒಮ್ಮೆ ಅಲ್ಲ, ಪ್ರತಿ ಸಲವೂ, ಅಷ್ಟೇ ಆಳಕ್ಕೆ. ಮರೆತವನ ಕಾಲು ಹಾಗೆ ಒತ್ತುವುದಿಲ್ಲ. ಪ್ರೊಪೆಲ್ಲರ್ ತಿರುಗುವ ರಭಸಕ್ಕೆ ಇಂಥ ವಿಮಾನದ ಮೂತಿ ಎಡಕ್ಕೆ ಎಳೆಯುತ್ತದೆ ಎಂದು ನಾನು ಓದಿದ್ದೆ, ಒಂದಿಷ್ಟು ಎಳೆತವನ್ನು ಹಾಕಿಯೂ ಇದ್ದೆ. ಅವರ ಹೇಂಟೆ ಅದರ ಎರಡರಷ್ಟು ಎಳೆಯುತ್ತಿದ್ದಿರಬೇಕು. ಕಾಲು ಸರಿಯಾಗಿತ್ತು, ವಿಮಾನ ತಪ್ಪಾಗಿತ್ತು. ಎಳೆತವನ್ನು ಹೆಚ್ಚಿಸಿದೆ, ಇನ್ನಷ್ಟು ಹೆಚ್ಚಿಸಿದೆ. ಮೂರನೆಯ ಸಲಕ್ಕೆ ವಿಮಾನ ಆ ಕಾಲಿಗೆ ತಕ್ಕ ಹಾಗೆ ರನ್‌ವೇಯ ನಡುವೆ ನೂಲು ಹಿಡಿದಂತೆ ಓಡಿ ಎದ್ದಿತು.

ಅಲ್ಲಿಂದ ಮುಂದೆ ನಾನು ಪುಸ್ತಕ ಬದಿಗಿಟ್ಟು ಮೇಷ್ಟ್ರ ಮೈಯನ್ನೇ ಓದತೊಡಗಿದೆ. ಎಂಜಿನ್ ಇಳಿಸುವಾಗ ಅವರ ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬರುತ್ತಿತ್ತು. ಎಂದರೆ ಎಂಜಿನ್ ಇಳಿದಾಗ ಅದರ ಮೂತಿ ತಗ್ಗುತ್ತಿತ್ತು, ಅದನ್ನು ಹಾಕಿದೆ. ಎಡಕ್ಕೆ ಓರೆಯಾಗುವಾಗ ಎಡಗಾಲೂ ಕೂಡಿಕೊಳ್ಳುತ್ತಿತ್ತು. ಎಂದರೆ ಕೈಯೊಂದೇ ಸಾಲದ ರೆಕ್ಕೆ ಅದು, ಅದನ್ನೂ ಹಾಕಿದೆ. ಒಂದೊಂದು ಸಂಜೆಗೆ ಒಂದೊಂದು ಗುಣ. ಮೇಷ್ಟ್ರು ಅನ್ನ ಅಗಿಯತೊಡಗಿದರು. ಸಾರಿಗೆ ಉಪ್ಪು ಕಡಿಮೆಯಾದರೆ ಮುಖ ಕಿವುಚತೊಡಗಿದರು. ದೇಚಮ್ಮನವರು ಅದನ್ನು ಅಮ್ಮನಿಗೆ ಹಬ್ಬದ ಸುದ್ದಿಯ ಹಾಗೆ ಹೇಳಿಕೊಂಡು ಬಂದರು.

ಆದರೂ ಎರಡು ಸಂಗತಿಗಳು ಸರಿಹೋಗಲಿಲ್ಲ. ಮೇಲೆ ನೆಟ್ಟಗೆ ಹಾರುವಾಗ ಅವರ ಕೈ ಸುಮ್ಮನೆ ಇರುತ್ತಿರಲಿಲ್ಲ. ಸ್ಟಿಕ್ಕಿನ ಮೇಲೆ ಸಣ್ಣಗೆ ಅದುರುತ್ತಿತ್ತು, ಇತ್ತ ಒಂದು ಚೂರು, ಅತ್ತ ಒಂದು ಚೂರು. ಅದರಿಂದ ವಿಮಾನ ಕುಡಿದವನ ಹಾಗೆ ತೂರಾಡುತ್ತಿತ್ತು. ಎರಡನೆಯದು, ಇಳಿಯುವಾಗ ಅವರು ಎಡ ರೆಕ್ಕೆಯನ್ನು ತಗ್ಗಿಸಿ ಬಲಗಾಲನ್ನು ಒತ್ತಿ ಹಿಡಿಯುತ್ತಿದ್ದರು, ವಿಮಾನ ಪಕ್ಕಕ್ಕೆ ಜಾರಿ ಹುಲ್ಲುಗಾವಲಿನಲ್ಲಿ ಬೀಳುತ್ತಿತ್ತು. ಆಗ ಅವರ ಮುಖ ನೋಡಲಾಗುತ್ತಿರಲಿಲ್ಲ. ದಾರಿ ತಪ್ಪಿದವರ ಹಾಗೆ ಸುತ್ತಲೂ ನೋಡುತ್ತಿದ್ದರು.

"ಕೈ ನಡುಕ ಕಾಯಿಲೇದು. ಡಾಕ್ಟ್ರು ಮೊದಲೇ ಹೇಳಿದ್ರು, ನಡುಕ ಬರುತ್ತೆ ಅಂತ" ಎಂದರು ದೇಚಮ್ಮನವರು.

"ಮತ್ತೆ ಆ ಓರೆ?"

"ಅದೇನೋ ನಂಗೊತ್ತಿಲ್ಲ. ನಮ್ಮ ಕ್ಲಬ್ಬಲ್ಲಿ ಯಾವಾಗಲೂ ಹಾಗೇ ಇಳೀತಿದ್ರು. ಎಡಗಡೆ ದೊಡ್ಡ ಕೆರೆ ಇತ್ತಲ್ಲ, ಆ ಕಡೆಯಿಂದ ಗಾಳಿ ತಳ್ಳೋದು. ನಾನು ಬೇಲಿ ಹತ್ತಿರ ಕಾಫಿ ಫ್ಲಾಸ್ಕ್ ಹಿಡ್ಕೊಂಡು ನಿಂತಿರ್ತಿದ್ದೆ. ಸೀರೆ ಸೆರಗು ನಿಲ್ತಿರ್ಲಿಲ್ಲ."

ಆಟದಲ್ಲಿ ಗಾಳಿಗೆಂದೇ ಒಂದು ಅಂಕಿ ಇದೆ. ನಮ್ಮೂರಲ್ಲಿ ಎಲ್ಲರೂ ಅದನ್ನು ಸೊನ್ನೆಯಲ್ಲೇ ಇಟ್ಟಿರುತ್ತಾರೆ. ಬೇರೆ ಏನಾದರೂ ಇಡಬಹುದು ಎಂದು ನನಗೆ ತೋಚಿಯೇ ಇರಲಿಲ್ಲ. ಅಂದೇ ರನ್‌ವೇಯ ಎಡಕ್ಕೊಂದು ಕೆರೆ ಇಟ್ಟು, ಆ ಕಡೆಯಿಂದ ಗಾಳಿ ಹಾಕಿದೆ. ಇಳಿಯುವಾಗಿನ ಓರೆ ಸ್ವಲ್ಪ ಸರಿಹೋಯಿತು. ಆದರೆ ಕೈಯ ನಡುಕ ಹಾಗೇ ಇತ್ತು, ಮೇಷ್ಟ್ರ ಹುಬ್ಬು ಗಂಟಿಕ್ಕಿಕೊಂಡೇ ಇತ್ತು. ನಾನು ಹಾಕಿದ್ದು ಒಂದೇ ಸಮನೆ ತಳ್ಳುವ ಗಾಳಿ, ಗೋಡೆ ಸರಿದು ಬಂದ ಹಾಗೆ. ಗಾಳಿ ಹಾಗಿರುವುದಿಲ್ಲ ಎಂದು ದೇಚಮ್ಮನವರು ಹೇಳಿದರು. ಮತ್ತೆ ಹೇಗಿರುತ್ತದೆ ಎಂದರೆ ಅವರಿಗೆ ಹೇಳಲು ಬರಲಿಲ್ಲ. ಕೈ ಮೇಲೆ ಕೆಳಗೆ ಆಡಿಸಿ, ಸೆರಗು ಹಿಡಿದು ಕೊಡವಿ ತೋರಿಸಿ, ಕೊನೆಗೆ ಸೋತು, "ನಡಿ, ಬಸ್ಸು ಹತ್ತೋಣ" ಎಂದರು.

ನಮ್ಮೂರವರು ಗಡಿ ದಾಟುವುದು ಕಡಿಮೆ. ದಾಟಿದವರು ಕಿವಿನೋವು ಹೊತ್ತು ಬರುತ್ತಾರೆ. ಆಡಿದ ಮಾತು ಪಕ್ಕದವರಿಗೆ ತಲುಪುವ ಮೊದಲೇ ಹಾರಿಹೋಗುತ್ತದೆ ಎಂದು ದೊಡ್ಡವರು ಹೆದರಿಸುತ್ತಾರೆ. ಅಮ್ಮ ನನ್ನ ತಲೆಗೆ ಎರಡು ಸುತ್ತು ಬಟ್ಟೆ ಕಟ್ಟಿ, ಮೇಷ್ಟ್ರನ್ನು ತಾನು ನೋಡಿಕೊಳ್ಳುತ್ತೇನೆಂದು ಉಳಿದುಕೊಂಡಳು. ಬಸ್ಸು ಗುಡ್ಡ ಹತ್ತಿ, ಕಲ್ಲುಗಣಿ ದಾಟಿ, ಬೋಳು ದಿಣ್ಣೆಯೊಂದರ ಬಳಿ ನಮ್ಮನ್ನು ಇಳಿಸಿ ಹೋಯಿತು.

ಮೊದಲು ಯಾರೋ ನನ್ನ ತಲೆಬಟ್ಟೆಯನ್ನು ಎಳೆದ ಹಾಗಾಯಿತು. ಹಿಂದಿರುಗಿ ನೋಡಿದೆ, ಯಾರೂ ಇರಲಿಲ್ಲ. ಎದುರಿನ ಇಳಿಜಾರಿನ ಹುಲ್ಲೆಲ್ಲ ಒಟ್ಟಿಗೇ ಮಲಗಿ ಎದ್ದಿತು. ನನಗೆ ನಗು ಬಂತೋ ಹೆದರಿಕೆಯಾಯಿತೋ ಈಗ ಹೇಳಲಾರೆ; ದೇಚಮ್ಮನವರ ಕೈ ಹಿಡಿದುಕೊಂಡದ್ದು ನೆನಪಿದೆ. ಅದು ಬರುತ್ತಿತ್ತು, ನಿಲ್ಲುತ್ತಿತ್ತು, ನಿಂತಿತು ಎಂದುಕೊಂಡರೆ ಇನ್ನೊಂದು ಕಡೆಯಿಂದ ಬರುತ್ತಿತ್ತು. ದೇಚಮ್ಮನವರ ಸೆರಗು ಹೆಗಲಿನಿಂದ ಎದ್ದು ಪಟಪಟ ಹೊಡೆದುಕೊಂಡಿತು. ಅವರು ಅದನ್ನು ಹಿಡಿಯಲಿಲ್ಲ. ಕಣ್ಣು ಮುಚ್ಚಿ ಮುಖವನ್ನು ಅದಕ್ಕೆ ಕೊಟ್ಟು ನಿಂತರು. ಅವರಿಗೂ ಗಾಳಿಯಿಲ್ಲದೆ ತಿಂಗಳುಗಳಾಗಿದ್ದವು, ಅದನ್ನು ನಾವ್ಯಾರೂ ಯೋಚಿಸಿರಲಿಲ್ಲ.

ಆಮೇಲೆ ಚೀಲದಿಂದ ಕೊಡೆ ತೆಗೆದು ಬಿಚ್ಚಿ ನನ್ನ ಕೈಗೆ ಕೊಟ್ಟರು. "ನೆಟ್ಟಗೆ ಹಿಡ್ಕೋ. ಅಲ್ಲಾಡಬಾರದು" ಎಂದರು.

ಕೊಡೆ ಹಿಡಿಯುವುದರಲ್ಲೇನಿದೆ ಎಂದುಕೊಂಡೆ. ಮೊದಲ ಹೊಡೆತಕ್ಕೇ ಅದು ನನ್ನನ್ನು ಎರಡು ಹೆಜ್ಜೆ ಎಳೆದುಕೊಂಡು ಹೋಯಿತು. ಎರಡೂ ಕೈಯಲ್ಲಿ ಹಿಡಿದೆ. ಬಿಗಿಯಾಗಿ ಹಿಡಿದಷ್ಟೂ ಜೋರಾಗಿ ಕಿತ್ತುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕೈಗೆ ತಾನೇ ತಿಳಿಯಿತು. ಹಿಡಿತ ಸಡಿಲಿಸಿ, ಅದು ಇತ್ತ ವಾಲುವ ಮೊದಲೇ ಅತ್ತ ಒಂದು ಚೂರು, ಅತ್ತ ವಾಲುವ ಮೊದಲೇ ಇತ್ತ ಒಂದು ಚೂರು. ಕೊಡೆ ನೆಟ್ಟಗೆ ನಿಂತಿತು. ಗೆದ್ದೆ ಎಂದು ದೇಚಮ್ಮನವರ ಕಡೆ ನೋಡಿದರೆ ಅವರು ಕೊಡೆಯನ್ನು ನೋಡುತ್ತಿರಲಿಲ್ಲ. ನನ್ನ ಮಣಿಕಟ್ಟನ್ನು ನೋಡುತ್ತಿದ್ದರು. ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ನೋಡು" ಎಂದರು, "ನಿನ್ನ ಕೈ ನೋಡು ಪವನ."

ನನ್ನ ಕೈ ಅದುರುತ್ತಿತ್ತು, ಸಣ್ಣಗೆ, ಇತ್ತ ಒಂದು ಚೂರು, ಅತ್ತ ಒಂದು ಚೂರು. ಮೇಷ್ಟ್ರ ಕೈಯ ಹಾಗೆಯೇ.

"ಅದು ಕಾಯಿಲೆ ಅಲ್ಲ" ಎಂದರು ದೇಚಮ್ಮನವರು. ಅವರು ಗಾಳಿಗಿಂತ ಜೋರಾಗಿ ಅತ್ತರು. "ಇಷ್ಟು ದಿನ ಗಾಳಿ ಇಲ್ಲದ ಕಡೆ ಕೂತ್ಕೊಂಡು ಗಾಳಿ ಹಿಡೀತಿದ್ದಾರೆ. ನಾನು ಕಾಯಿಲೆ ಅಂದ್ಕೊಂಡು ಆ ಕೈ ಹಿಡಿದು ಹಿಡಿದು ನಿಲ್ಲಿಸ್ತಿದ್ದೆ."

ಬಸ್ಸು ಬರುವವರೆಗೂ ನಾನು ಕೊಡೆ ಹಿಡಿದುಕೊಂಡೇ ನಿಂತಿದ್ದೆ. ಕೈಗೆ ಅದು ಚೆನ್ನಾಗಿ ಗೊತ್ತಾಗಲಿ ಎಂದು.

ಆ ದಿಣ್ಣೆಯ ಗಾಳಿಯನ್ನು ಅಂಕಿಗೆ ಇಳಿಸಲು ಒಂದು ವಾರ ಹಿಡಿಯಿತು. ಎಷ್ಟು ಜೋರು ಎನ್ನುವುದು ಕಷ್ಟವಾಗಲಿಲ್ಲ; ಎಷ್ಟು ಹೊತ್ತು ಸುಮ್ಮನಿರುತ್ತದೆ, ಸುಮ್ಮನಿದ್ದು ಎಲ್ಲಿಂದ ಬರುತ್ತದೆ ಎನ್ನುವುದು ಕಷ್ಟ. ನನಗೆ ಸರಿ ಎನಿಸುವವರೆಗೆ ಮೇಷ್ಟ್ರಿಗೆ ಕೊಡಲಿಲ್ಲ. ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಅವರು ಕೂತರು. ಎಡಗಡೆಯ ಕುರ್ಚಿಯಲ್ಲಿ, ಇವತ್ತು ಹತ್ತಿರ ಇರುತ್ತೇನೆ ಎಂದು ದೇಚಮ್ಮನವರು ಕೂತರು. ಹೇಂಟೆ ಓಡಿತು, ಎದ್ದಿತು, ಕೆರೆಯ ಗಾಳಿಗೆ ಸಿಕ್ಕಿ ಒಮ್ಮೆ ಕುಲುಕಿತು. ಮೇಷ್ಟ್ರ ಕೈ ಅದುರಿತು, ವಿಮಾನ ಮಾತ್ರ ಅದುರಲಿಲ್ಲ. ನೀರಿನ ಮೇಲೆ ಇಟ್ಟ ತಟ್ಟೆಯ ಹಾಗೆ ಮಟ್ಟಸವಾಗಿ ನಿಂತಿತು. ಅವರ ಹುಬ್ಬಿನ ಗಂಟು ಬಿಚ್ಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

"ಗಾಳಿ ಎಡಗಡೆಯಿಂದ ಇದೆ" ಎಂದರು. ಗಂಟಲು ಕೆರೆದುಕೊಂಡು, ಇನ್ನೂ ಸ್ವಲ್ಪ ಜೋರಾಗಿ, "ಬೆಲ್ಟ್ ಹಾಕ್ಕೊಂಡಿದ್ದೀರಾ?"

ಯಾರಿಗೆ ಕೇಳಿದರು ಎಂದು ನಮಗೆ ಒಂದು ಗಳಿಗೆ ತಿಳಿಯಲಿಲ್ಲ. ದೇಚಮ್ಮನವರು ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿಕೊಂಡು, "ಹಾಕ್ಕೊಂಡಿದ್ದೀನಿ" ಎಂದರು.

"ಹೊಸಬರಾ? ನಿಮ್ಮ ಹೆಸರು?"

"ದೇಚಮ್ಮ."

ಮೇಷ್ಟ್ರು ಮುಂದೆ ನೋಡುತ್ತಲೇ ನಕ್ಕರು. "ಒಳ್ಳೇ ಹೆಸರು. ನಮ್ಮ ಮನೆಯವಳ ಹೆಸರೂ ಅದೇ. ಅವಳು ಮಾತ್ರ ಒಂದು ದಿನಾನೂ ಹತ್ತಲಿಲ್ಲ. ಕೇಳಿ ಕೇಳಿ ಸುಮ್ಮನಾದೆ."

ದೇಚಮ್ಮನವರು ಪರದೆಯ ಮೇಲಿನ ಕೆರೆಯನ್ನು ನೋಡುತ್ತ ಕೇಳಿದರು, "ಯಾಕಂತೆ?"

"ಹೆದರಿಕೆ ಇರಬೇಕು. ನಾನೂ ಹುಡುಗರಿಗೆ ಜೋರಾಗಿ ಬೈತಿದ್ದೆ, ಬೇಲಿವರೆಗೂ ಕೇಳ್ತಿತ್ತು. ತನಗೂ ಹಾಗೇ ಬೈತೀನಿ ಅಂದ್ಕೊಂಡಳೋ ಏನೋ."

"ಬೈತಿದ್ರಾ?"

"ಅವಳಿಗಾ? ಇಲ್ಲಪ್ಪ" ಎಂದರು ಮೇಷ್ಟ್ರು. "ಸರಿ, ಸ್ಟಿಕ್ ಹಿಡೀರಿ. ಮೆತ್ತಗೆ. ಕೋಳಿಮರಿ ಹಿಡಿದ ಹಾಗೆ."

ಹಾಗೆ ಪಾಠ ಶುರುವಾಯಿತು. ನಾನು ಇನ್ನೊಂದು ಸ್ಟಿಕ್ಕು, ಇನ್ನೊಂದು ಜೊತೆ ಪೆಡಲು ತಂದು ಎಡಗಡೆಯ ಕುರ್ಚಿಗೂ ಜೋಡಿಸಿಕೊಟ್ಟೆ. ಪ್ರತಿ ಬೆಳಿಗ್ಗೆ ಮೇಷ್ಟ್ರು ಹೊಸದಾಗಿ ಹೆಸರು ಕೇಳುತ್ತಿದ್ದರು, ಪ್ರತಿ ಬೆಳಿಗ್ಗೆ ಇವರು ಹೇಳುತ್ತಿದ್ದರು, ನಮ್ಮ ಮನೆಯವಳ ಹೆಸರೂ ಅದೇ ಎಂದು ಅವರು ನಗುತ್ತಿದ್ದರು. ಮಿಕ್ಕದ್ದು ಮರೆತರೂ ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು ಎನ್ನುವುದು ಅವರ ಕೈಗೆ ತಿಳಿದಿರುತ್ತಿತ್ತು. ದೇಚಮ್ಮನವರು ವಿಮಾನವನ್ನು ಹುಲ್ಲಿಗೆ ನುಗ್ಗಿಸಿದರು, ಬೇಲಿಗೆ ಗುದ್ದಿಸಿದರು, ಒಮ್ಮೆ ಕೆರೆಯಲ್ಲೇ ಇಳಿಸಿದರು. ಮೇಷ್ಟ್ರು ಬೈದರು, ನಮ್ಮ ಮನೆಗೆ ಕೇಳುವ ಹಾಗೆ: "ಕಣ್ಣು ಎಲ್ಲಿಟ್ಟಿದ್ದೀರಮ್ಮ? ನೆಲ ನೋಡಬೇಡಿ, ದೂರ ನೋಡಿ, ದೂರ!" ಬೈಸಿಕೊಂಡ ದಿನ ದೇಚಮ್ಮನವರು ಕೆನ್ನೆ ಕೆಂಪಗೆ ಮಾಡಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. "ಮದುವೆ ಆಗಿ ಇಷ್ಟು ವರ್ಷಕ್ಕೆ ಮೊದಲನೇ ಸಲ ಬೈದಿದ್ದು ಕಣ್ರೀ" ಎಂದು ಅಮ್ಮನಿಗೆ ಹೇಳುತ್ತಿದ್ದರು. ಪಾಠ ಮುಗಿದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಮೇಷ್ಟ್ರು 'ನೀವು' ಬಿಟ್ಟು ಮಾತಾಡುತ್ತಿರಲಿಲ್ಲ. ಹೊಸ ಶಿಷ್ಯೆ ಇನ್ನೊಂದು ಬಿಸ್ಕತ್ತು ತೆಗೆದುಕೊಳ್ಳಲಿ ಎಂದು ತಟ್ಟೆಯನ್ನು ಅವರ ಕಡೆ ಸರಿಸುತ್ತಿದ್ದರು.

ಒಂದು ದಿನ ಬೆಳಿಗ್ಗೆ ದೇಚಮ್ಮನವರು ಮೂರು ಸಲ ಎದ್ದು ಮೂರು ಸಲ ಚೆನ್ನಾಗಿ ಇಳಿದರು. ಹೇಂಟೆ ಕುಪ್ಪಳಿಸಲಿಲ್ಲ. ನಾಲ್ಕನೆಯದಕ್ಕೆ ರನ್‌ವೇಯ ತುದಿಗೆ ಹೋಗಿ ನಿಂತಾಗ ಮೇಷ್ಟ್ರು ಸ್ಟಿಕ್ಕಿನಿಂದ ಕೈ ತೆಗೆದರು. ಸೊಂಟದಲ್ಲಿ ಇಲ್ಲದ ಬೆಲ್ಟನ್ನು ಬಿಚ್ಚಿದರು. ಕುರ್ಚಿಯಿಂದ ಎದ್ದು ನಿಂತರು.

"ಈ ಸಲ ನೀವೊಬ್ಬರೇ ಹೋಗಿ ಬನ್ನಿ" ಎಂದರು.

ದೇಚಮ್ಮನವರು ಸ್ಟಿಕ್ಕು ಬಿಟ್ಟು ಅವರ ಕಡೆ ತಿರುಗಿದರು. "ನೀವಿಲ್ಲದೆ ನನ್ನ ಕೈಲಾಗಲ್ಲ" ಎಂದರು.

"ಎಲ್ಲರೂ ಹೀಗೇ ಅಂತಾರೆ."

"ನಿಜವಾಗ್ಲೂ ಆಗಲ್ಲ. ಕೂತ್ಕೊಳ್ಳಿ. ಇನ್ನೊಂದು ವಾರ ಹೇಳ್ಕೊಡಿ."

ಮೇಷ್ಟ್ರು ಬಗ್ಗಿ ಅವರ ಹೆಗಲ ಮೇಲೆ ಕೈಯಿಟ್ಟರು. ಶಿಷ್ಯರ ಹೆಗಲನ್ನು ಮುಟ್ಟುವಾಗ ಹೀಗೇ ಮುಟ್ಟುತ್ತಿದ್ದರೋ ಏನೋ, ಬೆರಳ ತುದಿಯಲ್ಲಿ. "ಗೊತ್ತಿರೋದನ್ನೆಲ್ಲ ಹೇಳ್ಕೊಟ್ಟಾಯ್ತಮ್ಮ. ಇನ್ನು ಪಕ್ಕದಲ್ಲಿ ಕೂತಿದ್ರೆ ನಾನು ಬರೀ ಭಾರ. ನಾನಿಳಿದ ಮೇಲೆ ಅದು ಬೇಗ ಎದ್ದುಬಿಡುತ್ತೆ, ಅದಕ್ಕೆ ಗಾಬರಿ ಬೀಳಬೇಡಿ. ಒಂಚೂರು ನಿಮ್ಮ ಕಡೆಗೇ ವಾಲುತ್ತೆ. ಸ್ಟಿಕ್ಕನ್ನು ನನ್ನ ಕಡೆಗೆ ಸ್ವಲ್ಪ ಹಿಡ್ಕೊಂಡಿರಿ, ಸರಿಹೋಗುತ್ತೆ."

ಹೇಳಿದ್ದೇ ಅವರು ಜಗಲಿಗೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು, ಆಕಾಶ ನೋಡುತ್ತ ನಿಂತರು.

ದೇಚಮ್ಮನವರು ನನ್ನ ಕಡೆ ನೋಡಿದರು. ನಾನು ಕೀಬೋರ್ಡಿನ ಬಳಿಗೆ ಹೋದೆ. ವಿಮಾನದ ಅಂಕಿಗಳಲ್ಲಿ ಎಡ ಸೀಟಿನ ತೂಕ ಒಂದು, ಬಲ ಸೀಟಿನ ತೂಕ ಒಂದು ಇರುತ್ತದೆ. ಬಲ ಸೀಟಿಗೆ ಮೇಷ್ಟ್ರನ್ನು ತೂಗಿಸಿ ಅರವತ್ತೆಂಟು ಕಿಲೋ ಎಂದು ನಾನೇ ಹಾಕಿದ್ದೆ. ಎಷ್ಟೋ ಅಂಕಿಗಳನ್ನು ಅಳಿಸಿದ್ದೇನೆ, ಬರೆದಿದ್ದೇನೆ. ಅದೊಂದನ್ನು ಅಳಿಸಿ ಸೊನ್ನೆ ಹಾಕುವಾಗ ಮಾತ್ರ ಬೆರಳು ನಿಂತಿತು.

"ಹಾಕು" ಎಂದರು ದೇಚಮ್ಮನವರು, ಪರದೆಯಿಂದ ಕಣ್ಣು ತೆಗೆಯದೆ. "ಅವರು ಹೇಳಿದ ಮೇಲೆ ಆಯ್ತು. ಹಾಕು."

ಹಾಕಿದೆ. ಬಲಗಾಲು ಮೊದಲು ಒತ್ತಿತು, ಆಮೇಲೆ ಎಂಜಿನ್ ಜೀವ ತುಂಬಿಕೊಂಡಿತು. ಮೂರು ಸಲ ಎದ್ದ ಜಾಗಕ್ಕಿಂತ ಎಷ್ಟೋ ಮೊದಲೇ ಹೇಂಟೆ ನೆಲ ಬಿಟ್ಟಿತು. ದೇಚಮ್ಮನವರು "ಅಯ್ಯೋ" ಎಂದರು. ವಿಮಾನ ಎಡಕ್ಕೆ ವಾಲಿತು. ಅವರು ಸ್ಟಿಕ್ಕನ್ನು ಖಾಲಿ ಕುರ್ಚಿಯ ಕಡೆಗೆ ಒಂಚೂರು ಒತ್ತಿ ಹಿಡಿದರು, ಅದು ಮಟ್ಟಸವಾಯಿತು. ಕೆರೆಯ ಮೇಲೆ ತಿರುಗಿದರು. ಅವರ ಕೈ ಅದುರುತ್ತಿತ್ತು, ವಿಮಾನ ಅದುರಲಿಲ್ಲ. ಎಡ ರೆಕ್ಕೆ ತಗ್ಗಿಸಿ, ಬಲಗಾಲು ಒತ್ತಿ, ದೂರ ನೋಡುತ್ತ ಇಳಿದರು. ಮೊದಲು ಒಂದು ಚಕ್ರ, ಆಮೇಲೆ ಇನ್ನೊಂದು, ಕೊನೆಗೆ ಬಾಲ. ಎಂಜಿನ್ ಆರಿಸಿ, ಎರಡೂ ಕೈಗಳನ್ನು ಮಡಿಲ ಮೇಲಿಟ್ಟುಕೊಂಡು ಕೂತರು.

ಎಂಜಿನ್ ಸದ್ದು ನಿಂತದ್ದು ಕೇಳಿ ಮೇಷ್ಟ್ರು ಒಳಗೆ ಬಂದು ಕೈ ಕುಲುಕಿದರು. ಮುಖದ ತುಂಬ ನಗು. "ನಿಮ್ಮ ಮನೆಯವರಿಗೆ ಹೋಗಿ ಹೇಳಿ" ಎಂದರು. "ತುಂಬಾ ಖುಷಿ ಪಡ್ತಾರೆ."

"ಪಟ್ಟಿದ್ದಾರೆ" ಎಂದರು ದೇಚಮ್ಮನವರು. ಹಿಡಿದ ಕೈಯನ್ನು ಬಿಡಲಿಲ್ಲ.

ಅದಾದ ಮೇಲೂ ಮೇಷ್ಟ್ರು ಕೆಲವು ತಿಂಗಳು ಇದ್ದರು. ಮತ್ತೆ ಸ್ಟಿಕ್ಕು ಮುಟ್ಟಲಿಲ್ಲ. ಮುಟ್ಟಿಸಲು ನಾವೂ ಹೋಗಲಿಲ್ಲ. ಪಾಠ ಮುಗಿಸಿದ ಮೇಷ್ಟ್ರ ಹಾಗೆ ಜಗಲಿಯಲ್ಲಿ ಕೂತು ಹೋಗಿ ಬರುವವರಿಗೆ ನಮಸ್ಕಾರ ಹೇಳುತ್ತಿದ್ದರು. ಹೊಸ ಬೆಲ್ಲ ಬರುವ ಕಾಲಕ್ಕೆ, ಊಟವಾದ ಮೇಲೆ ಮಲಗಿದವರು ಏಳಲಿಲ್ಲ. ನಮ್ಮೂರ ಪದ್ಧತಿಯಂತೆ ಅಮ್ಮ ತನ್ನ ಗುಂಪಿನ ಹೆಂಗಸರನ್ನು ಕರೆದು ತಂದಳು, ಅವರೆಲ್ಲ ಸುತ್ತ ಕೂತು ಕೊನೆಯವರೆಗೂ ಬೀಸಿದರು.

ದೇಚಮ್ಮನವರು ಗಾಳಿ ಇರುವ ಊರಿಗೆ ತಿರುಗಿ ಹೋಗುತ್ತಾರೆ ಎಂದೇ ನಾವು ತಿಳಿದಿದ್ದೆವು. ಹೋಗಲಿಲ್ಲ. ಈಗಲೂ ಎದುರುಮನೆಯಲ್ಲೇ ಇದ್ದಾರೆ. ತಿಂಗಳಿಗೊಮ್ಮೆ ನಾವಿಬ್ಬರೂ ಬಸ್ಸು ಹತ್ತಿ ದಿಣ್ಣೆಗೆ ಹೋಗಿ ನಿಂತು ಬರುತ್ತೇವೆ. ಪ್ರತಿ ಬೆಳಿಗ್ಗೆ ಅವರು ಹೇಂಟೆಯನ್ನು ಕೆರೆಯ ಮೇಲೆ ಒಂದು ಸುತ್ತು ಹಾಕಿಸುತ್ತಾರೆ. ಅಂಕಿಗಳನ್ನು ಬದಲಾಯಿಸುವುದು ಹೇಗೆ ಎಂದು ಒಂದು ದಿನ ನನ್ನನ್ನು ಕೇಳಿದರು. ಎಲ್ಲವೂ ಬೇಡ, ಬಲ ಸೀಟಿನದು ಒಂದೇ ಒಂದು ತೋರಿಸಿಕೊಡು ಎಂದರು. ತೋರಿಸಿಕೊಟ್ಟೆ. ಕೆಲವು ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಅವರ ಕಿಟಕಿಯಿಂದ ಒಳಗೆ ನೋಡಿದರೆ, ಹೇಂಟೆ ರನ್‌ವೇಯ ತುದಿಯವರೆಗೂ ಓಡಿ, ಕಷ್ಟಪಟ್ಟು, ನಿಧಾನವಾಗಿ ಏಳುತ್ತಿರುತ್ತದೆ. ಅಂಥ ದಿನ ನಾನು ಬಾಗಿಲು ತಟ್ಟುವುದಿಲ್ಲ.